ಕಂದಾಯ ಹೋದ ದಾರಿಯಲ್ಲೇ ಕಾಗದವೂ ಹೋಗಿದೆ

ಶಿರಸಿ ತಾಲ್ಲೂಕಿನಲ್ಲಿ ಸೋಂದಾ ಹತ್ತಿರದ ನಿಮ್ಮ ಊರಿನ ಇತಿಹಾಸ ಬರೆಯಬೇಕು, ಅಂತರ್ಜಾಲದಲ್ಲಿ ನಾಲ್ಕು ಸಾಲಿನ ಮೇಲೆ ಏನೂ ಸಿಗುತ್ತಿಲ್ಲ, ಬೆಂಗಳೂರಿಗೆ ಹೋಗಿ ಹುಡುಕಿದರೂ ಬರಿಗೈಯಲ್ಲಿ ಮರಳಿದೆ ಎಂದು ಬರೆದಿದ್ದೀರಿ. ಕೊನೆಗೆ, ಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕವೊಂದಿದೆ, ಅದರಿಂದ ಏನಾದರೂ ಉಪಯೋಗವಿದೆಯೇ ಎಂದೂ ಕೇಳಿದ್ದೀರಿ. ಆ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನಲ್ಲಿ ಸಿಗದಿದ್ದುದು ನಿಮ್ಮ ತಪ್ಪಲ್ಲ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರದ ಹಳೆಯ ಸಂಗ್ರಹದಲ್ಲಿ ಹೆಚ್ಚಿನದು ಮೈಸೂರು ಸಂಸ್ಥಾನದ್ದು. ನಿಮ್ಮ ಊರು 1956ರವರೆಗೆ ಮೈಸೂರಿಗೆ ಸೇರಿರಲೇ ಇಲ್ಲ. ರಜೆ ಸಿಕ್ಕಾಗಲೆಲ್ಲ ಪತ್ರಾಗಾರಗಳಲ್ಲಿ ಕುಳಿತು ಹದಿನಾಲ್ಕು ವರ್ಷ ಕಳೆದ ಮೇಲೆ ನಾನು ನೆಚ್ಚಿಕೊಂಡಿರುವ ಪ್ರಶ್ನೆ ಒಂದೇ: ಈ ಊರಿನ ಕಂದಾಯ ಯಾವ ವರ್ಷ ಯಾರ ಖಜಾನೆಗೆ ಹೋಗುತ್ತಿತ್ತು? ಹಣ ಹೋದ ದಾರಿಯಲ್ಲೇ ಕಾಗದವೂ ಹೋಗಿರುತ್ತದೆ.

ನಿಮ್ಮ ಊರಿಗೆ ಇದನ್ನು ಹಚ್ಚಿ ನೋಡಿ. ಮೊದಲು ಸೋಂದೆಯ ಅರಸರು. 1760ರ ದಶಕದಲ್ಲಿ ಹೈದರಾಲಿ ಸೋಂದೆಯನ್ನು ಗೆದ್ದಾಗ ಅಲ್ಲಿನ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಆದ್ದರಿಂದ ಸೋಂದೆಯ ಪತ್ರವ್ಯವಹಾರ ಪಣಜಿಯ ಪತ್ರಾಗಾರದಲ್ಲಿದೆ. ನೆರೆಯ ರಾಜರೊಡನೆ ನಡೆಸಿದ ಪತ್ರಗಳಿಗೆಂದೇ ಪೋರ್ಚುಗೀಸರು ಪ್ರತ್ಯೇಕ ಸಂಪುಟಗಳನ್ನು ಇಟ್ಟಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಜಿಲ್ಲೆ ಕಂಪನಿಯ ಕೈಗೆ ಬಂದು ಮದರಾಸಿನ ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. ಹಾಗಾಗಿ 1862ಕ್ಕೆ ಹಿಂದಿನ ಸುಮಾರು ಅರವತ್ತು ವರ್ಷಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಅಲ್ಲಿಂದ ಮುಂದಕ್ಕೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ. ಸ್ವಾತಂತ್ರ್ಯ ಚಳವಳಿಯಲ್ಲಿ ನಡೆದ ಶಿರಸಿ, ಸಿದ್ದಾಪುರ, ಅಂಕೋಲೆಗಳ ಕರನಿರಾಕರಣೆಯ ಸರ್ಕಾರಿ ಕಡತಗಳನ್ನು ಹುಡುಕಬೇಕಾದದ್ದೂ ಮುಂಬಯಿಯಲ್ಲೇ. ಒಂದೇ ಊರಿನ ಕಥೆ ಮೂರು ರಾಜ್ಯಗಳಲ್ಲಿ ಹಂಚಿಹೋಗಿದೆ. ಬಳ್ಳಾರಿಯವರಿಗೂ ಮಂಗಳೂರಿನವರಿಗೂ ಚೆನ್ನೈ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು, ಧಾರವಾಡದವರಿಗೆ ಮುಂಬಯಿಯ ಜೊತೆಗೆ ಪುಣೆಯ ಪೇಶ್ವೆ ದಫ್ತರವೂ (ಪೇಶ್ವೆಗಳ ಆಡಳಿತದ ದಾಖಲೆಗಳ ಸಂಗ್ರಹ) ಇದೆ.

ಶಾಸನಗಳಲ್ಲೂ ಇದೇ ತೊಡಕು. ಬಿ. ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಿರುವಿ, ಶಿರಸಿ ತಾಲ್ಲೂಕೇ ಇಲ್ಲವಲ್ಲ ಎಂದು ಅನೇಕರು ಪುಸ್ತಕ ಮುಚ್ಚಿಬಿಡುತ್ತಾರೆ. ರೈಸ್ ಹುಡುಕಿದ್ದು ಮೈಸೂರು ಸೀಮೆಯಲ್ಲಿ ಮತ್ತು ಕೊಡಗಿನಲ್ಲಿ. ನಿಮ್ಮ ಕಡೆಯ ಶಾಸನಗಳಿಗೆ ಕೇಂದ್ರ ಶಾಸನ ಇಲಾಖೆಯ ‘ಬಾಂಬೆ-ಕರ್ನಾಟಕ’ ಸಂಪುಟಗಳನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನೂ ನೋಡಬೇಕು. ಹಾಗೆಂದು ರೈಸ್‌ನನ್ನು ಬಿಟ್ಟುಬಿಡಬೇಡಿ. ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲಿ, ಆದರೆ ಬನವಾಸಿಯನ್ನಾಳಿದ ಕದಂಬರ ಮೂಲಕಥೆ ಹೇಳುವ ಶಾಸನ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿದೆ. ಶಿಕಾರಿಪುರ ರೈಸ್‌ನ ಏಳನೆಯ ಸಂಪುಟ, ಸೊರಬ ಮತ್ತು ಸಾಗರ ಎಂಟನೆಯದು. ಎರಡನ್ನೂ ಕೊನೆಯ ಪುಟದವರೆಗೆ ನೋಡಿ.

ಈಗ ಅಟ್ಟದ ಮೇಲಿನ ಪುಸ್ತಕ. ನೀವು ವರ್ಣಿಸಿದ್ದನ್ನು ನೋಡಿದರೆ ಅದು ಹಳೆಯ ಅರ್ಥದ ‘ಕಡತ’, ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಾಡಿಕೊಂಡು ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಮಠದ ಲೆಕ್ಕ, ಅಂಗಡಿಯ ಲೆಕ್ಕ ಎಲ್ಲವೂ ಅದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಇದೆ. ಟಿಪ್ಪು ಶೃಂಗೇರಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲೇ ಉಳಿದಿದ್ದವು. 1916ರಲ್ಲಿ ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಹೊರಗಿನವರ ಕಣ್ಣಿಗೆ ಅವು ಬಿದ್ದಿರಲಿಲ್ಲ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ 1800ರಲ್ಲಿ ಮದರಾಸಿಗೆ ಬರೆದ ವರದಿಗಳಲ್ಲಿ, ಶಾನುಭೋಗರ ಬಳಿಯಿದ್ದ ‘ಕರಿಯ ಪುಸ್ತಕ’ಗಳ ಮಾತು ಬರುತ್ತದೆ. ಅವು ಇವೇ ಕಡತಗಳು. ಅವುಗಳ ಆಧಾರದ ಮೇಲೆ ಅವನು ತೆರಿಗೆಯ ಚರಿತ್ರೆಯನ್ನು ವಿಜಯನಗರದ ಹರಿಹರರಾಯನವರೆಗೆ ಹಿಂದಕ್ಕೆ ಒಯ್ಯುತ್ತಾನೆ. ಹಿಂದಿನ ತೆರಿಗೆ ಹಗುರವಾಗಿತ್ತು, ನೆಲ ರೈತರ ಸ್ವಂತ ಆಸ್ತಿಯಾಗಿತ್ತು, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಹೊರೆ ಏರಿತು ಎಂಬುದು ಅವನ ವಾದ. ಇದನ್ನು ಓದಿ ನಾನು ಬಹಳ ಕಾಲ ಹಾಗೇ ನಂಬಿಕೊಂಡಿದ್ದೆ. ಆಮೇಲೆ ಮುಂಬಯಿ ಹೈಕೋರ್ಟಿನ 1875ರ ಒಂದು ತೀರ್ಪು ಕೈಗೆ ಸಿಕ್ಕಿತು: ವೈಕುಂಠ ಬಾಪೂಜಿ ವಿರುದ್ಧ ಮುಂಬಯಿ ಸರ್ಕಾರ. ಸರ್ಕಾರ ಹೊಸ ಸರ್ವೇ ಮಾಡಿ ಕಂದಾಯ ಏರಿಸಿದಾಗ, ಹಾಗೆ ಏರಿಸುವ ಹಕ್ಕು ನಿಮಗಿಲ್ಲ ಎಂದು ಕೆನರಾದ ಭೂಮಾಲೀಕರು ಹೂಡಿದ ದಾವೆ ಅದು. ಅದೇ ಮನ್ರೋ ವರದಿ, ಅದೇ ಹಳೆಯ ಲೆಕ್ಕ ಎಲ್ಲವೂ ಕಟಕಟೆಗೆ ಬರುತ್ತವೆ. ನ್ಯಾಯಮೂರ್ತಿ ವೆಸ್ಟ್ ಅವನ್ನು ಒಂದೊಂದಾಗಿ ಬಿಡಿಸಿ ನೋಡಿ, ಕೊನೆಗೆ ಸರ್ಕಾರದ ಪರ ತೀರ್ಪು ಕೊಟ್ಟರು.

ಆ ತೀರ್ಪು ಒಂದು ಪುಸ್ತಕದಷ್ಟು ದೊಡ್ಡದು. ಕೆನರಾದ ಭೂಚರಿತ್ರೆಗೆ ಇಷ್ಟು ಸಾಮಗ್ರಿಯನ್ನು ಒಂದೆಡೆ ಕೂಡಿಸಿರುವ ಬರಹವನ್ನು ನಾನು ಬೇರೆ ಕಂಡಿಲ್ಲ. ಇತಿಹಾಸದ ಕಪಾಟಿನಲ್ಲಿ ಮಾತ್ರ ಅದು ಸಿಗುವುದಿಲ್ಲ, ಕಾನೂನು ಗ್ರಂಥಾಲಯಕ್ಕೆ ಹೋಗಿ ಹಳೆಯ ಮುಂಬಯಿ ಹೈಕೋರ್ಟ್ ವರದಿಗಳ ಹನ್ನೆರಡನೆಯ ಸಂಪುಟ ಕೇಳಬೇಕು. ಅದನ್ನು ಓದಿದ ಮೇಲೆ ಮನ್ರೋ ಸುಳ್ಳು ಹೇಳಿದ ಎಂದು ನನಗೆ ಅನ್ನಿಸಲಿಲ್ಲ. ಆದರೆ ಹೊಸ ದೊರೆಯ ಮುಂದೆ ಲೆಕ್ಕ ಬಿಚ್ಚುವ ಶಾನುಭೋಗನಿಗೆ, ಹಿಂದಿನ ತೆರಿಗೆ ಕಡಿಮೆಯಿತ್ತೆಂದು ತೋರಿಸುವುದರಲ್ಲಿ ಊರಿನ ಹಿತವೂ ತನ್ನ ಹಿತವೂ ಇತ್ತಲ್ಲ ಎಂಬ ಯೋಚನೆ ಮೊದಲ ಸಲ ಬಂತು. ಅಂದಿನಿಂದ ಯಾವ ದಾಖಲೆಯನ್ನು ಹಿಡಿದರೂ, ಇದನ್ನು ಯಾರು ಯಾರಿಗೆ ಯಾತಕ್ಕಾಗಿ ತೋರಿಸಿದರು ಎಂದು ಕೇಳಿಕೊಳ್ಳುತ್ತೇನೆ.

ಕಂದಾಯದ ಆಚೆಗಿನ ಬದುಕಿಗೆ ಫ್ರಾನ್ಸಿಸ್ ಬುಕಾನನ್‌ನನ್ನು ಓದಿ. ಈ ವೈದ್ಯ 1801ರಲ್ಲಿ ನಿಮ್ಮ ಸೀಮೆಯಲ್ಲೇ ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಕಥನದ ಮೂರನೆಯ ಸಂಪುಟದಲ್ಲಿ ಸೋಂದಾ, ಬನವಾಸಿ, ಅಡಿಕೆ ತೋಟ, ಮೆಣಸಿನ ಬಳ್ಳಿ, ಹವ್ಯಕರ ಕೃಷಿ ಎಲ್ಲವೂ ಇವೆ. ಅವನ ಸಂಪುಟಗಳೂ ಮುಂಬಯಿ ಸರ್ಕಾರ 1883ರಲ್ಲಿ ಪ್ರಕಟಿಸಿದ ಕೆನರಾ ಗೆಜೆಟಿಯರೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮಗೆ ಸಿಗದಿರಲು ಕಾರಣ ಹೆಸರಿನ ಕಾಗುಣಿತವಿರಬಹುದು. ಹಳೆಯ ಇಂಗ್ಲಿಷಿನಲ್ಲಿ ಸೋಂದಾ ‘ಸೂಂಡಾ’ ಆಗಿದೆ, ಹೊನ್ನಾವರ ‘ಓನೋರ್’ ಆಗಿದೆ. ನಿಮ್ಮ ಊರಿನ ಹೆಸರನ್ನು ಕನ್ನಡ ಬಾರದವನೊಬ್ಬ ಕಿವಿಯಿಂದ ಕೇಳಿ ಹೇಗೆ ಬರೆದಿರಬಹುದು ಎಂದು ಐದಾರು ಬಗೆಯಲ್ಲಿ ಬರೆದುಕೊಂಡು ಹುಡುಕಿ.

ಪತ್ರಾಗಾರಕ್ಕೆ ಹೋಗುವಾಗ ಗುರುತಿನ ಚೀಟಿ, ಪರಿಚಯಪತ್ರ, ಪೆನ್ಸಿಲ್ ಇರಲಿ. ಮೊದಲ ದಿನ ಫೈಲು ಕೇಳಬೇಡಿ, ಸೂಚಿ ಸಂಪುಟಗಳನ್ನಷ್ಟೇ ಓದಿ. ಒಂದು ಕಡೆ ನನಗೆ ಮೂರು ದಿನ ಫೈಲು ಸಿಗದೆ ಕಣ್ಣೀರು ಬರುವಂತಾಗಿತ್ತು. ನಾಲ್ಕನೆಯ ದಿನ ಬಂದ ಕಟ್ಟಿನಲ್ಲಿ, ಇಂಗ್ಲಿಷ್ ಅನುವಾದದ ಹಿಂದೆ ರೈತರು ಕನ್ನಡದಲ್ಲಿ ಬರೆಸಿದ ಮೂಲ ಅರ್ಜಿಯನ್ನೇ ಸೇರಿಸಿ ಹೊಲಿದಿದ್ದರು. ಅಕ್ಷರ ಬಾರದವರು ಸಹಿಯ ಜಾಗದಲ್ಲಿ ನೇಗಿಲಿನ ಗುರುತು ಹಾಕಿದ್ದರು. ಆ ಮಧ್ಯಾಹ್ನ ನಾನು ಊಟಕ್ಕೆ ಏಳಲಿಲ್ಲ.

ನಿಮ್ಮ ಕಡತವನ್ನು ದಯವಿಟ್ಟು ಒರೆಸಬೇಡಿ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ, ಒಣ ಬಟ್ಟೆಯೂ ಬೇಡ. ಬಳಪದ ಬರಹ ಸ್ಲೇಟಿನ ಮೇಲಿನದರಂತೆ ಅಳಿಸಿಹೋಗುತ್ತದೆ. ಮಡಿಕೆಗಳನ್ನು ಒತ್ತಾಯದಿಂದ ಬಿಡಿಸದೆ, ತಾನಾಗಿ ತೆರೆದಷ್ಟನ್ನು ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಅಕ್ಷರ ಮೋಡಿಯಲ್ಲಿ, ಅಂದರೆ ಕೂಡಿಸಿ ಬರೆಯುವ ಹಳೆಯ ಓಟದ ಬರಹದಲ್ಲಿ, ಇದ್ದರೆ ಹಳೆಯ ಶಾನುಭೋಗರ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಮೊದಲು ಹುಡುಕಬೇಕಾದದ್ದು ಕಾಲ. ಶಕವರ್ಷ ಸಿಕ್ಕರೆ 78 ಕೂಡಿಸಿ, ಕಂದಾಯ ಲೆಕ್ಕದ ಫಸಲಿ ವರ್ಷ ಸಿಕ್ಕರೆ 590, ಕ್ರಿಸ್ತಶಕ ಬರುತ್ತದೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಪಕ್ಕದಲ್ಲಿರುವ ಅಧಿಕಾರಿಯ ಹೆಸರನ್ನೋ ನಾಣ್ಯದ ಹೆಸರನ್ನೋ ಹಿಡಿದು ನಿರ್ಧರಿಸಬೇಕಾಗುತ್ತದೆ. ಮೊದಲ ಮಡಿಕೆಯ ಚಿತ್ರವನ್ನು ಈ ಉತ್ತರದ ಕೆಳಗೆ ಹಾಕಿದರೆ, ಕಾಲವನ್ನು ಕಂಡುಹಿಡಿಯಲು ನಾನೂ ನಿಮ್ಮ ಜೊತೆ ಕೂರುತ್ತೇನೆ.