ಸಣ್ಣ ತಂಡದ ಗೇಮ್ ಸ್ವಿಚ್‌ಗೆ ತಂದರೆ ಮಾರಾಟ ಆಗುತ್ತಾ? ದುಡ್ಡಿಲ್ಲದೆ ಪ್ರಚಾರ ಹೇಗೆ?

ನೀವು ಕೇಳಿರೋದು ಇಷ್ಟು: ಧಾರವಾಡದಲ್ಲಿ ಮೂವರು ಗೆಳೆಯರು ಸೇರಿ ಎರಡು ವರ್ಷದಿಂದ ಒಂದು ಗೇಮ್ ಮಾಡುತ್ತಿದ್ದೀರಿ, ಅದನ್ನು ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನೋ ಗೇಮ್ ಯಂತ್ರಕ್ಕೆ (ಕನ್ಸೋಲ್‌ಗೆ) ತಂದರೆ ಮಾರಾಟ ಆಗುತ್ತಾ, ಜಾಹೀರಾತಿಗೆ ದುಡ್ಡಿಲ್ಲದವರು ಪ್ರಚಾರ ಹೇಗೆ ಮಾಡಬೇಕು. ನಾನೂ ಇಬ್ಬರು ಗೆಳೆಯರ ಜೊತೆ ಬೆಂಗಳೂರಿನ ಬಾಡಿಗೆ ಮನೆಯೊಂದರ ಮಹಡಿಯಲ್ಲಿ ಕೂತು ಒಂದು ಪಜಲ್ ಗೇಮ್ ಮಾಡಿ, ವಿದೇಶದ ಒಬ್ಬ ಪಬ್ಲಿಷರ್ (ಗೇಮನ್ನು ಅಂಗಡಿಗೆ ತಲುಪಿಸಿ ಮಾರಿಕೊಡೋರು) ಮೂಲಕ ಸ್ವಿಚ್‌ಗೆ ತಂದವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮಾರಾಟ ಆಗುತ್ತೆ. ಆದರೆ ಕನ್ಸೋಲ್‌ನಲ್ಲಿ ಗೇಮ್ ಮಾರೋದು ಅಂದ್ರೆ ಬೇರೆಯವರ ಅಂಗಡಿಯಲ್ಲಿ ನಮ್ಮ ಸಾಮಾನು ಇಟ್ಟ ಹಾಗೆ. ಎದುರಿನ ಗಾಜಿನ ಬೀರುವಿನಲ್ಲಿ ಇಡುತ್ತಾರೋ, ಒಳಗಿನ ಅಟ್ಟಕ್ಕೆ ಹಾಕುತ್ತಾರೋ ಅನ್ನೋದು ಅಂಗಡಿಯವರ ಕೈಯಲ್ಲಿರುತ್ತೆ. ಗೇಮ್ ಚೆನ್ನಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಗೇಮು, ಅದೇ ಬೆಲೆ, ಇಟ್ಟ ಜಾಗ ಮಾತ್ರ ಬೇರೆ ಆಗಿದ್ದಕ್ಕೆ ಒಂದು ಕಡೆ ಸೊರಗಿ ಇನ್ನೊಂದು ಕಡೆ ಎದ್ದು ನಿಂತಿರೋ ಉದಾಹರಣೆ ಇದೆ. ಅದನ್ನೇ ಮೊದಲು ಹೇಳ್ತೀನಿ.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್‌ನ ಕಾಲದಲ್ಲಿ ಸಣ್ಣ ಗೇಮ್‌ಗಳಿಗೆ ಎರಡು ಬಾಗಿಲಿತ್ತು. ಒಂದು ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್. ಮೈಕ್ರೋಸಾಫ್ಟ್ ಆರಿಸಿಕೊಂಡವರಿಗೆ ಮಾತ್ರ ಅಲ್ಲಿ ಪ್ರವೇಶ. 2008ರ ಆಗಸ್ಟ್‌ನಲ್ಲಿ ಜೊನಾಥನ್ ಬ್ಲೋ ಅವರ 'ಬ್ರೇಡ್' ಆ ಬಾಗಿಲಿಂದ 15 ಡಾಲರ್ ಬೆಲೆಗೆ ಬಂತು. 'ಸಮ್ಮರ್ ಆಫ್ ಆರ್ಕೇಡ್' ಅಂತ ಬೇಸಿಗೆಯಲ್ಲಿ ಕೆಲವೇ ಗೇಮ್‌ಗಳನ್ನು ಆರಿಸಿ ಮೈಕ್ರೋಸಾಫ್ಟೇ ಪ್ರಚಾರ ಕೊಡುತ್ತಿತ್ತು, ಅದರಲ್ಲಿ ಬ್ರೇಡ್ ಕೂಡ ಇತ್ತು. ಎರಡು ವರ್ಷ ಬಿಟ್ಟು 'ಲಿಂಬೊ' ಬಂದಿದ್ದೂ ಅದೇ ಸಾಲಿನಲ್ಲೇ.

ಎರಡನೇ ಬಾಗಿಲು 2008ರ ನವೆಂಬರ್‌ನಲ್ಲಿ ತೆರೆಯಿತು. ಮರುವರ್ಷ ಅದಕ್ಕೆ ಎಕ್ಸ್‌ಬಾಕ್ಸ್ ಲೈವ್ ಇಂಡೀ ಗೇಮ್ಸ್ ಅಂತ ಹೆಸರಾಯಿತು. ಇಂಡೀ ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದ ಸಣ್ಣ ತಂಡಗಳ ಗೇಮ್. ವರ್ಷಕ್ಕೆ 99 ಡಾಲರ್ ಕಟ್ಟಿದವರು ಯಾರು ಬೇಕಾದರೂ ಗೇಮ್ ಹಾಕಬಹುದಿತ್ತು. ಅದನ್ನು ಪರೀಕ್ಷೆ ಮಾಡುತ್ತಿದ್ದವರು ನಿಮ್ಮಂಥ ನನ್ನಂಥ ಬೇರೆ ಡೆವಲಪರ್‌ಗಳೇ. ಬೆಲೆ 1, 3 ಅಥವಾ 5 ಡಾಲರ್. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಮೂರು ಸಾವಿರಕ್ಕೂ ಹೆಚ್ಚು ಗೇಮ್ ಬಂದವು. ಆದರೆ ಆ ವಿಭಾಗ ಕನ್ಸೋಲ್‌ನ ಮುಖಪುಟದಲ್ಲಿ ಸುಲಭಕ್ಕೆ ಕಾಣುತ್ತಿರಲಿಲ್ಲ, ಹುಡುಕಿಕೊಂಡು ಹೋಗಬೇಕಿತ್ತು. 2010ರ ಡಿಸೆಂಬರ್‌ನಲ್ಲಿ ಡೆವಲಪರ್‌ಗಳೇ ಒಟ್ಟಾಗಿ 'ವಿಂಟರ್ ಅಪ್‌ರೈಸಿಂಗ್' ಅಂತ ಪ್ರಚಾರ ಮಾಡಿ, ತಮ್ಮ ಗೇಮ್‌ಗಳನ್ನು ಒಂದೇ ಹೊತ್ತಿಗೆ ಬಿಡುಗಡೆ ಮಾಡಿ ಜನರ ಕಣ್ಣು ಈ ಕಡೆ ತಿರುಗಿಸೋಕೆ ಹೆಣಗಿದರು. ಆ ಗುಂಪಿನಲ್ಲಿದ್ದ ಝೆಬಾಯ್ಡ್ ಗೇಮ್ಸ್ ಅನ್ನೋ ಇಬ್ಬರೇ ಇಬ್ಬರ ತಂಡ 2011ರ ಜುಲೈನಲ್ಲಿ ತಮ್ಮ ಎರಡು ಗೇಮ್‌ಗಳನ್ನು ಒಟ್ಟಿಗೆ ಕಟ್ಟಿ ಸುಮಾರು 3 ಡಾಲರ್‌ಗೆ ಪಿಸಿಯ ಸ್ಟೀಮ್ ಅಂಗಡಿಗೆ ಹಾಕಿತು. ಎಕ್ಸ್‌ಬಾಕ್ಸ್‌ನಲ್ಲಿ ವರ್ಷಕ್ಕೂ ಮೇಲೆ ಕೂಡಿದ್ದ ಹಣವನ್ನು ಸ್ಟೀಮ್ ಆರು ದಿನ ತುಂಬೋದರೊಳಗೆ ದಾಟಿತು. ಆಟ ಅದೇ, ಮಾಡಿದವರೂ ಅವರೇ. ಈ ಇಂಡೀ ವಿಭಾಗ 2017ರಲ್ಲಿ ಪೂರ್ತಿ ಮುಚ್ಚಿತು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಗಿರಾಕಿ ಬರೋಲ್ಲ ಅನ್ನೋದು ನನ್ನ ತಲೆಯಲ್ಲಿ ಕೂತಿದ್ದು ಈ ಕಥೆಯಿಂದ.

ಈಗ ಸ್ವಿಚ್‌ಗೆ ಬರೋಣ. 2017ರ ಮಾರ್ಚ್ 3ಕ್ಕೆ ಕನ್ಸೋಲ್ ಬಂದಾಗ ಅದರ ಆನ್‌ಲೈನ್ ಅಂಗಡಿಯಾದ ಇ-ಶಾಪ್‌ನಲ್ಲಿ ಗೇಮ್‌ಗಳು ಕಮ್ಮಿ, ಹೊಸ ಕನ್ಸೋಲ್ ಕೊಂಡು ಏನಾದರೂ ಆಡೋಣ ಅಂತ ಕಾಯುತ್ತಿದ್ದ ಜನ ಜಾಸ್ತಿ. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ 'ಸ್ಟಾರ್‌ಡ್ಯೂ ವ್ಯಾಲಿ' ಅಕ್ಟೋಬರ್ 5ಕ್ಕೆ ಅಲ್ಲಿಗೆ ಬಂದು, ಬರೀ ಮೂರು ತಿಂಗಳಲ್ಲಿ ಆ ವರ್ಷ ಸ್ವಿಚ್‌ನಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆದ ಗೇಮ್ ಅನಿಸಿಕೊಂಡಿತು. ಮರುವರ್ಷ ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡದ 'ಹಾಲೋ ನೈಟ್' ಬಂತು. ಅದು ಪಿಸಿಯಲ್ಲಿ ಅದಾಗಲೇ ಒಂದು ವರ್ಷ ಹಳೆಯದು. 2018ರ ಜೂನ್ 12ರಂದು ನಿಂಟೆಂಡೊ ಇ3 ಅನ್ನೋ ದೊಡ್ಡ ಗೇಮ್ ಮೇಳದ ತನ್ನ ಕಾರ್ಯಕ್ರಮದಲ್ಲಿ ಅದರ ಟ್ರೇಲರ್ ತೋರಿಸಿ, ಇವತ್ತೇ ಸಿಗುತ್ತೆ ಅಂತ ಹೇಳಿತು. ಎರಡು ವಾರದಲ್ಲಿ ಸ್ವಿಚ್ ಒಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಲಕ್ಷಗಟ್ಟಲೆ ಜನ ಒಂದೇ ಹೊತ್ತಿಗೆ ಪರದೆ ನೋಡುತ್ತಿದ್ದಾರೆ, ಅವರ ಪಕ್ಕದಲ್ಲೇ ಕನ್ಸೋಲ್ ಇದೆ, ನೋಡಿದ ಕೈಯಲ್ಲೇ ಕೊಳ್ಳಬಹುದು. ಯಾವ ಜಾಹೀರಾತೂ ಇದಕ್ಕೆ ಸಮ ಅಲ್ಲ.

ನನ್ನಂಥವರಿಗೆ ಮರೆಯೋಕಾಗದ ದಿನ 2020ರ ಆಗಸ್ಟ್ 18. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ 'ರಾಜಿ' ಅವತ್ತು ನಿಂಟೆಂಡೊದ 'ಇಂಡೀ ವರ್ಲ್ಡ್' ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು ಅವತ್ತೇ ಸ್ವಿಚ್‌ನಲ್ಲಿ ಬಿಡುಗಡೆ ಆಯಿತು. ಉಳಿದ ಕಡೆಗಳಿಗೆ ಹೋಗಿದ್ದು ಅಕ್ಟೋಬರ್ 15ಕ್ಕೆ. ಅಂದರೆ ಸುಮಾರು ಎರಡು ತಿಂಗಳು ಬೇರೆ ಅಂಗಡಿ ಬಿಟ್ಟುಕೊಟ್ಟು ಆ ಒಂದು ವೇದಿಕೆ ಪಡೆದರು. 2017ರಲ್ಲಿ ಇದೇ ಗೇಮ್‌ಗೆ ಜನರಿಂದ ಚಂದಾ ಎತ್ತೋ ಕಿಕ್‌ಸ್ಟಾರ್ಟರ್ ತಾಣದಲ್ಲಿ ಹಣ ಕೂಡಿರಲಿಲ್ಲ ಅನ್ನೋದನ್ನ ನೆನಪಿಟ್ಟುಕೊಂಡು ನೋಡಿ. ಆ ವರ್ಷದ ಕೊನೆಗೆ ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಗೇಮ್‌ಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಅವರು ಮಾಡಿದ್ದು ಸರಿಯಾದ ವ್ಯಾಪಾರ ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತೆ.

ಆದರೆ ಈ ವೇದಿಕೆ ಎಲ್ಲರಿಗೂ ಸಿಗೋಲ್ಲ. ನಮಗೂ ಸಿಗಲಿಲ್ಲ. ಉಳಿದವರ ಪಾಲಿಗೆ ಇರೋದು ಅಂಗಡಿಯೊಳಗಿನ ಪಟ್ಟಿಗಳು.

ಪಟ್ಟಿ ಅಂದರೆ ಮುಖ್ಯವಾಗಿ ಮೂರು: ಹೊಸ ಬಿಡುಗಡೆ, ಡಿಸ್ಕೌಂಟ್, ಹೆಚ್ಚು ಮಾರಾಟ ಆದವು. ಈ ಮೂರನೆಯದರ ವಿಷಯ ನೀವು ಚೆನ್ನಾಗಿ ತಿಳಿದುಕೊಳ್ಳಬೇಕು, ಯಾಕಂದ್ರೆ ಸ್ವಿಚ್‌ನಲ್ಲಿ ಬೆಲೆಗಳು ಪಾತಾಳಕ್ಕೆ ಇಳಿದಿದ್ದು ಅದರಿಂದಲೇ. ಎಷ್ಟೋ ವರ್ಷ ಇ-ಶಾಪ್‌ನ ಆ ಪಟ್ಟಿ ಲೆಕ್ಕ ಹಾಕುತ್ತಿದ್ದಿದ್ದು ಬಂದ ದುಡ್ಡನ್ನಲ್ಲ, ಡೌನ್‌ಲೋಡ್ ಸಂಖ್ಯೆಯನ್ನು. 60 ಡಾಲರ್ ಗೇಮ್ ಒಂದು ಪ್ರತಿ ಹೋದರೂ ಒಂದು, 2 ಡಾಲರ್ ಗೇಮ್ ಒಂದು ಪ್ರತಿ ಹೋದರೂ ಒಂದು. ಆಗ ಏನಾಯಿತು ಅಂದ್ರೆ, 15 ಡಾಲರ್ ಗೇಮನ್ನು ಎರಡು ವಾರಕ್ಕೆ 2 ಡಾಲರ್‌ಗೆ ಇಳಿಸಿ, ಪಟ್ಟಿ ಹತ್ತಿಸಿ, ಅಲ್ಲಿ ಕಾಣೋದರಿಂದಲೇ ಇನ್ನಷ್ಟು ಮಾರೋದು ಒಂದು ಕಲೆಯೇ ಆಗಿಹೋಯಿತು. ಮಾಡಿದವರನ್ನು ನಾನು ದೂರೋಲ್ಲ, ಸಂಬಳ ಕೊಡಬೇಕಿತ್ತು. ಆದರೆ ಗಿರಾಕಿಗೂ ಒಂದು ಪಾಠ ಆಗಿಬಿಟ್ಟಿತು: ಇಂಡೀ ಗೇಮಾ, ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳೋಣ ಅಂತ ಗುರುತು ಹಾಕಿಡೋ ಪಟ್ಟಿಗೆ) ಹಾಕಿ ಕಾಯಿ, ಇಳಿಯುತ್ತೆ. ವಿಶ್‌ಲಿಸ್ಟ್‌ನಲ್ಲಿರೋ ಗೇಮ್‌ನ ಬೆಲೆ ಇಳಿದರೆ ನಿಂಟೆಂಡೊದಿಂದಲೇ ಇ-ಮೇಲ್ ಬರುತ್ತೆ. 2025ರಲ್ಲಿ ಆ ಹೆಚ್ಚು ಮಾರಾಟದ ಪಟ್ಟಿಯನ್ನು ಬಂದ ಹಣದ ಲೆಕ್ಕಕ್ಕೆ ಬದಲಾಯಿಸಿದರು. ನನ್ನ ಪ್ರಕಾರ ಸಣ್ಣವರ ಬೆಲೆಗೆ ಮರ್ಯಾದೆ ತಂದುಕೊಟ್ಟ ಬದಲಾವಣೆ ಅದು. ಹಾಗಾಗಿ ಹಳೆಯ ಲೇಖನಗಳಲ್ಲಿ ಬೆಲೆ ತೀರಾ ಇಳಿಸಿ ಪಟ್ಟಿ ಹತ್ತಿ ಅನ್ನೋ ಸಲಹೆ ಕಂಡರೆ ಕಣ್ಣು ಮುಚ್ಚಿ ನಂಬಬೇಡಿ.

ನಮ್ಮ ಬಿಡುಗಡೆಯ ದಿನದ ಬಗ್ಗೆ ಹೇಳ್ತೀನಿ. ಅಮೆರಿಕದಲ್ಲಿ ಬೆಳಗಾಗುವಾಗ ಇಲ್ಲಿ ರಾತ್ರಿ. ಮೂವರೂ ಒಂದೇ ಸ್ವಿಚ್ ಮುಂದೆ ಕೂತು ಹೊಸ ಬಿಡುಗಡೆ ಪಟ್ಟಿ ತೆರೆದು ತೆರೆದು ನೋಡುತ್ತಿದ್ದೆವು. ನಮ್ಮ ಐಕಾನ್ ಕಂಡಾಗ ಯಾರಿಗೂ ಮಾತೇ ಹೊರಡಲಿಲ್ಲ. ಮಾರನೇ ದಿನ ರಾತ್ರಿ ಅದೇ ಪಟ್ಟಿಯನ್ನು ಬೆರಳಿನಲ್ಲಿ ಎಷ್ಟು ಸಲ ಸರಿಸಿದರೂ ಅದು ಸಿಗಲಿಲ್ಲ, ಅಷ್ಟು ಕೆಳಗೆ ಹೋಗಿತ್ತು. ಎರಡೂವರೆ ವರ್ಷದ ಕೆಲಸಕ್ಕೆ ಸಿಕ್ಕ ಪುಕ್ಕಟೆ ಜಾಗ ಒಂದು ದಿನದ್ದು. ಅವತ್ತು ಹೊಟ್ಟೆಯಲ್ಲಿ ಆದ ಸಂಕಟ ನನಗಿನ್ನೂ ನೆನಪಿದೆ.

ಆ ಒಂದು ದಿನದಲ್ಲಿ ಜನ ನೋಡೋದು ನಿಮ್ಮ ಗೇಮನ್ನಲ್ಲ, ಐಕಾನನ್ನು. ಬಿಡುಗಡೆಗೆ ಎರಡು ತಿಂಗಳ ಮುಂಚೆ ನಮ್ಮ ಗೆಳೆಯನ ಅಮ್ಮ ಊರಿಂದ ಬಂದಿದ್ದರು. ಐಕಾನನ್ನು ಹೆಬ್ಬೆರಳಿನ ಅಗಲಕ್ಕೆ ಚಿಕ್ಕದು ಮಾಡಿ ಫೋನಿನಲ್ಲಿ ತೋರಿಸಿ, 'ಆಂಟಿ, ಇದರಲ್ಲಿ ಏನ್ ಕಾಣ್ತಿದೆ?' ಅಂತ ಕೇಳಿದೆ. ಕನ್ನಡಕ ಹಾಕಿಕೊಂಡು ನೋಡಿ, 'ಬಂಡೆಗಲ್ಲಾ ಏನೋಪ್ಪ' ಅಂದರು. ಅದು ಬೆನ್ನು ತಿರುಗಿಸಿ ಕೂತಿದ್ದ ನಮ್ಮ ಕಥಾನಾಯಕಿ. ನೀಲಿ ಹಿನ್ನೆಲೆ, ನೀಲಿ ಸೀರೆ, ಮೇಲೆ ತೆಳುವಾದ ಅಕ್ಷರದಲ್ಲಿ ಗೇಮ್ ಹೆಸರು. ದೊಡ್ಡ ಮಾನಿಟರ್‌ನಲ್ಲಿ ಚಿತ್ರ ಎಷ್ಟು ಚೆಂದ ಇತ್ತು ಅಂದ್ರೆ ಅದು ಚಿಕ್ಕದಾದಾಗ ಏನಾಗುತ್ತೆ ಅಂತ ನಾವು ಯೋಚಿಸಿರಲೇ ಇಲ್ಲ. ಮುಖ ಈ ಕಡೆ ತಿರುಗಿಸಿ, ಕೈಯಲ್ಲಿ ಹಳದಿ ಲಾಟೀನು ಕೊಟ್ಟು, ಅಕ್ಷರ ದಪ್ಪ ಮಾಡಿ ಮತ್ತೆ ತೋರಿಸಿದಾಗ, 'ಹುಡುಗಿ, ದೀಪ ಹಿಡ್ಕೊಂಡಿದಾಳೆ' ಅಂದರು. ಆ ಐಕಾನೇ ಕೊನೆಗೆ ಅಂಗಡಿಗೆ ಹೋಯಿತು.

ನಾವು ಎಡವಿದ್ದು ಕೋಡ್ ಹಂಚುವಾಗ. ವಿಮರ್ಶೆ ಬರೆಯೋರಿಗೆ, ಯೂಟ್ಯೂಬ್‌ನವರಿಗೆ ಮುಂಚಿತವಾಗಿ ಆಡೋಕೆ ಡೌನ್‌ಲೋಡ್ ಕೋಡ್ ಕಳಿಸಬೇಕು. ಸ್ವಿಚ್ ಕೋಡ್‌ಗಳು ಪ್ರದೇಶವಾರು. ಅಮೆರಿಕದ ಕೋಡ್ ಯುರೋಪಿನ ಖಾತೆಯಲ್ಲಿ ನಡೆಯೋಲ್ಲ. ನಾನು ಯಾರು ಎಲ್ಲಿಯವರು ಅಂತ ನೋಡದೆ ಎಲ್ಲರಿಗೂ ಅಮೆರಿಕದ್ದೇ ಕಳಿಸಿದ್ದೆ. ಜರ್ಮನಿ, ಬ್ರಿಟನ್ನಿನವರು ಕೋಡ್ ಹಾಕಿ ನೋಡಿ, ಆಗಲಿಲ್ಲ ಅಂತ ಮುಂದಿನ ಗೇಮ್‌ಗೆ ಹೋದರು. ಇಬ್ಬರು ಮಾತ್ರ ಪತ್ರ ಬರೆದು ತಿಳಿಸಿದರು. ಸರಿ ಮಾಡೋಷ್ಟರಲ್ಲಿ ಬಿಡುಗಡೆಯ ವಾರ ಕಳೆದಿತ್ತು. ನೀವು ಒಂದು ಹಾಳೆ ಮಾಡಿ, ಹೆಸರಿನ ಪಕ್ಕ ಪ್ರದೇಶ ಬರೆದುಕೊಂಡೇ ಕಳಿಸಿ.

ಇನ್ನು ಚಂದಾ ಸೇವೆಗಳು, ಅಂದರೆ ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್, ಪ್ಲೇಸ್ಟೇಷನ್ ಪ್ಲಸ್. ಇವು ಮಾತುಕತೆಯಲ್ಲಿ ಒಪ್ಪಿದ ಹಣ ಕೊಟ್ಟು ಚಂದಾದಾರರಿಗೆ ಗೇಮ್ ಕೊಡುತ್ತವೆ. 2020ರ ಆಗಸ್ಟ್‌ನಲ್ಲಿ 'ಫಾಲ್ ಗೈಸ್' ಮೊದಲ ದಿನದಿಂದಲೇ ಪ್ಲಸ್‌ನಲ್ಲಿ ಸಿಕ್ಕಿತು, ಆ ತಿಂಗಳೊಳಗೇ ಆವರೆಗಿನ ಪ್ಲಸ್ ಗೇಮ್‌ಗಳಲ್ಲೇ ಅತಿ ಹೆಚ್ಚು ಡೌನ್‌ಲೋಡ್ ಆಯಿತು. ಗುಂಪು ಸೇರಿದರೆ ಮಾತ್ರ ಆಡೋಕಾಗುವ ಗೇಮ್‌ಗೆ ಅದು ಸರಿಯಾದ ದಾರಿ. ಟೊರಾಂಟೊದ ವಿಸೈ ಗೇಮ್ಸ್‌ನ 'ವೆಣ್ಬಾ' 2023ರ ಜುಲೈ 31ಕ್ಕೆ ಸ್ವಿಚ್‌ನಲ್ಲಿ, ಪ್ಲೇಸ್ಟೇಷನ್‌ನಲ್ಲಿ ಮಾರಾಟಕ್ಕೆ ಬಂತು, ಅದೇ ದಿನ ಗೇಮ್ ಪಾಸ್‌ನಲ್ಲೂ ಇತ್ತು. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ, ಮೊದಲ ಅಡುಗೆಯೇ ಇಡ್ಲಿ. ನಮ್ಮ ಕಥೆ ಹೊರಗಿನವರಿಗೆ ಅರ್ಥ ಆಗುತ್ತಾ ಅಂತ ಅಳುಕಬೇಡಿ. ಇಡ್ಲಿ ತಟ್ಟೆಯ ಚಿತ್ರ ಒಂದು ಸಲ ನೋಡಿದರೆ ನೂರು ಗೇಮ್‌ಗಳ ನಡುವೆಯೂ ನೆನಪಿರುತ್ತೆ. ನಿಮ್ಮ ಗೇಮ್‌ನಲ್ಲಿ ಧಾರವಾಡದ ಮಳೆ, ಹೆಂಚಿನ ಮನೆ ಇದೆ ಅಂತ ಬರೆದಿದ್ದೀರಿ. ಅದನ್ನು ಟ್ರೇಲರ್‌ನ ಮೊದಲ ಹತ್ತು ಸೆಕೆಂಡ್‌ನಲ್ಲೇ ತನ್ನಿ, ಲೋಗೋಗಳಿಂದ ಶುರು ಮಾಡಬೇಡಿ.

ಲೆಕ್ಕದ ಮಾತು. ಅಂಗಡಿ ಸಾಮಾನ್ಯವಾಗಿ ನೂರಕ್ಕೆ 30 ಇಟ್ಟುಕೊಳ್ಳುತ್ತೆ. ಪಬ್ಲಿಷರ್ ಇದ್ದರೆ ಉಳಿದಿದ್ದರಲ್ಲಿ ಅವರ ಪಾಲು, ಅದಕ್ಕೂ ಮುಂಚೆ ಅವರು ಹಾಕಿದ ಖರ್ಚಿನ ವಸೂಲಿ. ಖರ್ಚು ಅಂದರೆ ಏನೇನು, ಎಷ್ಟರವರೆಗೆ ಅಂತ ಒಪ್ಪಂದದಲ್ಲಿ ಬರೆಸದೆ ಸಹಿ ಹಾಕಬೇಡಿ. ನಾವು ಬರೆಸಿರಲಿಲ್ಲ, ಮೊದಲ ವರ್ಷ ಕೈಗೆ ಏನೂ ಬರಲಿಲ್ಲ. ಅಮೆರಿಕದಿಂದ ಬರೋ ರಾಯಲ್ಟಿಗೆ ಡಬ್ಲ್ಯು-8 ಅನ್ನೋ ಅಲ್ಲಿನ ತೆರಿಗೆ ಫಾರ್ಮ್ ತುಂಬಿ ಪ್ಯಾನ್ ಸಂಖ್ಯೆ ಕೊಡಿ. ಎರಡೂ ದೇಶಗಳ ತೆರಿಗೆ ಒಪ್ಪಂದದಿಂದ ಅಲ್ಲಿ ಕಡಿತ ಶೇ. 30ರ ಬದಲು 15 ಆಗುತ್ತೆ. ವಯಸ್ಸಿನ ರೇಟಿಂಗ್‌ಗೆ ಐಎಆರ್‌ಸಿ ಪ್ರಶ್ನಾವಳಿ ಒಂದನ್ನು ತುಂಬಿದರೆ ಹಲವು ದೇಶಗಳದ್ದು ಒಟ್ಟಿಗೇ ಸಿಗುತ್ತೆ. ಅಂದಹಾಗೆ ಭಾರತಕ್ಕೆ ಇ-ಶಾಪ್ ಇಲ್ಲ, ಇಲ್ಲಿಯವರು ಬೇರೆ ದೇಶದ ಖಾತೆ ಮಾಡಿಕೊಂಡು ಆಡುತ್ತಾರೆ. ನಿಮ್ಮ ಗಿರಾಕಿಗಳು ಅಮೆರಿಕ, ಯುರೋಪ್, ಜಪಾನ್‌ನವರು ಅಂತಲೇ ತಿಳಿದು ಅನುವಾದಕ್ಕೆ ದುಡ್ಡು ತೆಗೆದಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸ್ಟೀಮ್‌ನಲ್ಲಿ ಪುಟ ತೆರೆದು ವಿಶ್‌ಲಿಸ್ಟ್ ಕೂಡಿಸುತ್ತಿದ್ದೆ. ಎಷ್ಟು ಜನ ಕಾಯುತ್ತಿದ್ದಾರೆ ಅನ್ನೋ ಆ ಸಂಖ್ಯೆ ಹಿಡಿದುಕೊಂಡು ಹೋದರೆ ಕನ್ಸೋಲ್‌ನವರೂ ಪಬ್ಲಿಷರ್‌ಗಳೂ ಕೂತು ಮಾತಾಡುತ್ತಾರೆ, ಇಂಡೀ ವರ್ಲ್ಡ್‌ನಂಥ ವೇದಿಕೆ ಕೇಳೋಕೆ ಬಾಯಿ ಬರುತ್ತೆ. ಬಿಡುಗಡೆ ದಿನ ಆರಿಸುವಾಗ ಆ ವಾರ ಯಾವ ದೊಡ್ಡ ಗೇಮ್ ಬರ್ತಿದೆ ನೋಡಿ. ಮೊದಲ ಡಿಸ್ಕೌಂಟ್ ನೂರಕ್ಕೆ ಇಪ್ಪತ್ತು ಸಾಕು, ಮುಂದೆ ಇಳಿಸೋಕೆ ಜಾಗ ಉಳಿದಿರಲಿ. ಮತ್ತೆ ಐಕಾನ್ ತಯಾರಾದಾಗ ನನಗೊಂದು ಕಳಿಸಿ. ಆ ಆಂಟಿ ಈಗ ಮಗನ ಜೊತೆ ಇಲ್ಲೇ ಇದ್ದಾರೆ, ಅವರಿಗೂ ತೋರಿಸಿ ಏನು ಕಂಡಿತು ಅಂತ ಬರೀತೀನಿ.