ಪ್ರಶ್ನೋತ್ತರ: ಪ್ರೋಟಾನಿನೊಳಗಿನ ಗ್ಲುವಾನ್‌ಗಳು, ಕಂಪ್ಯೂಟರಿನಲ್ಲಿ ಅವುಗಳ ಲೆಕ್ಕ

ಪ್ರಶ್ನೆ: ಪ್ರೋಟಾನಿನಲ್ಲಿರುವುದು ಮೂರು ಕ್ವಾರ್ಕ್. ಹಾಗಿದ್ದರೂ ಎಲ್‌ಎಚ್‌ಸಿ ಎಂಬ ಪ್ರೋಟಾನ್ ಡಿಕ್ಕಿ ಯಂತ್ರದಲ್ಲಿ ಹಿಗ್ಸ್ ಕಣ ಹೆಚ್ಚಾಗಿ ಗ್ಲುವಾನ್‌ಗಳ (ಕ್ವಾರ್ಕ್‌ಗಳನ್ನು ಬೆಸೆದಿಡುವ ಕಣಗಳ) ಡಿಕ್ಕಿಯಿಂದ ಹುಟ್ಟುತ್ತದೆ ಎನ್ನುತ್ತಾರಲ್ಲ, ಹೇಗೆ?

ಉತ್ತರ: ಕ್ವಾರ್ಕ್‌ಗಳ ಸಂಖ್ಯೆಯಿಂದ ಪ್ರತಿಕ್ವಾರ್ಕ್‌ಗಳನ್ನು ಕಳೆದಾಗ ಉಳಿಯುವುದು ಮೂರು: ಎರಡು ಅಪ್, ಒಂದು ಡೌನ್. ಸಂವೇಗದ ಲೆಕ್ಕ ಬೇರೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಗ್ಲುವಾನ್‌ಗಳದ್ದು. 13 ಟಿಇವಿ (ಶಕ್ತಿಯ ಅಳತೆ, 13,000 ಜಿಇವಿ) ಡಿಕ್ಕಿಯಲ್ಲಿ 125 ಜಿಇವಿಯ ಹಿಗ್ಸ್ ನಟ್ಟನಡುವೆ ಹುಟ್ಟಲು ಎರಡೂ ಕಡೆಯ ಪಾರ್ಟಾನ್ (ಪ್ರೋಟಾನಿನೊಳಗಿನ ಕ್ವಾರ್ಕ್ ಅಥವಾ ಗ್ಲುವಾನ್) ತನ್ನ ಪ್ರೋಟಾನಿನ ಸಂವೇಗದಲ್ಲಿ 125/13000, ಅಂದರೆ ಸುಮಾರು 0.0096 ಪಾಲು ಹೊತ್ತರೆ ಸಾಕು. ಇಷ್ಟು ಸಣ್ಣ ಪಾಲಿನಲ್ಲಿ ಗ್ಲುವಾನ್‌ಗಳದ್ದೇ ಮೇಲುಗೈ.

ಇದು ತಿಳಿದದ್ದು ಬಹುಮಟ್ಟಿಗೆ ಎಲೆಕ್ಟ್ರಾನ್‌ಗಳನ್ನು ಪ್ರೋಟಾನ್‌ಗಳಿಗೆ ಡಿಕ್ಕಿ ಹೊಡೆಸುತ್ತಿದ್ದ ಹ್ಯಾಂಬರ್ಗ್‌ನ ಹೇರಾ ಯಂತ್ರದಿಂದ (1992-2007). ಎಲೆಕ್ಟ್ರಾನಿಗೆ ಗ್ಲುವಾನ್ ನೇರವಾಗಿ ಕಾಣುವುದಿಲ್ಲ. ನೋಟ ಸೂಕ್ಷ್ಮವಾದಂತೆ ಕ್ವಾರ್ಕ್‌ಗಳ ಹಂಚಿಕೆ ಎಷ್ಟು ಬೇಗ ಬದಲಾಗುತ್ತದೆ ಎಂಬುದರಿಂದ ಗ್ಲುವಾನ್‌ಗಳ ಪ್ರಮಾಣವನ್ನು ತೆಗೆಯುತ್ತಾರೆ. ಎಷ್ಟು ಸೊಗಸಾದ ವಿಧಾನ!

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ 13 ಟಿಇವಿಯಲ್ಲಿ ಜೆಟ್‌ಗಳ (ಪಾರ್ಟಾನ್ ಡಿಕ್ಕಿಯಿಂದ ಚಿಮ್ಮುವ ಕಣಗಳ ಗೊಂಚಲುಗಳ) ಕ್ರಾಸ್ ಸೆಕ್ಷನ್, ಅಂದರೆ ಅವು ಹುಟ್ಟುವ ಸಂಭವದ ಅಳತೆ, ಲೆಕ್ಕ ಹಾಕುತ್ತಿದ್ದೇನೆ. ಅಡ್ಡ ಸಂವೇಗದ (pT, ಕಿರಣಕ್ಕೆ ಅಡ್ಡಲಾದ ಸಂವೇಗದ) ಕೆಳಮಿತಿಯನ್ನು 20ರಿಂದ 2 ಜಿಇವಿಗೆ ಇಳಿಸಿದರೆ, ಉತ್ತರ ಎರಡು ಪ್ರೋಟಾನ್‌ಗಳ ಒಟ್ಟು ಕ್ರಾಸ್ ಸೆಕ್ಷನ್ನನ್ನೇ ಮೀರುತ್ತದೆ. ಕೋಡ್ ತಪ್ಪಿದೆಯೇ?

ಉತ್ತರ: ಕೋಡ್ ಸರಿಯಿದ್ದರೂ ಹೀಗೇ ಬರುತ್ತದೆ. ಜೆಟ್ ಲೆಕ್ಕ ಕೆಳಮಿತಿಯ ವರ್ಗಕ್ಕೆ ವಿಲೋಮವಾಗಿ ಬೆಳೆಯುತ್ತದೆ. ಸಣ್ಣ ಪಾಲಿನಲ್ಲಿ ಗ್ಲುವಾನ್‌ಗಳ ಏರಿಕೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಎಲ್‌ಎಚ್‌ಸಿಯ ಟೋಟೆಮ್ ತಂಡ ಅಳೆದ ಒಟ್ಟು ಕ್ರಾಸ್ ಸೆಕ್ಷನ್ ಸುಮಾರು 110 ಮಿಲಿಬಾರ್ನ್ ಮಾತ್ರ, ಅದರಲ್ಲೂ 31 ಮಿಲಿಬಾರ್ನ್‌ನಷ್ಟು ಪ್ರೋಟಾನ್‌ಗಳು ಒಡೆಯದೆ ಚದುರುವ ಪಾಲು. ಆದರೆ ನಿಮ್ಮ ಸಂಖ್ಯೆ ಎಣಿಸುತ್ತಿರುವುದು ಪ್ರೋಟಾನ್ ಡಿಕ್ಕಿಗಳನ್ನಲ್ಲ, ಪಾರ್ಟಾನ್ ಡಿಕ್ಕಿಗಳನ್ನು. ಒಂದೇ ಜೋಡಿ ಪ್ರೋಟಾನ್‌ಗಳಲ್ಲಿ ಹಲವು ಪಾರ್ಟಾನ್ ಜೋಡಿಗಳು ಬಡಿದುಕೊಳ್ಳಬಹುದು. ನಿಮ್ಮ ಸಂಖ್ಯೆಯನ್ನು ಪ್ರೋಟಾನ್‌ಗಳು ಒಡೆಯುವ ಡಿಕ್ಕಿಗಳ ಕ್ರಾಸ್ ಸೆಕ್ಷನ್ನಿನಿಂದ ಭಾಗಿಸಿದರೆ ಸಿಗುವುದು ಅವುಗಳ ಸರಾಸರಿ.

ಅಷ್ಟಾದರೂ pT ಸೊನ್ನೆಯ ಹತ್ತಿರ ಬಂದರೆ ಲೆಕ್ಕ ಅನಂತಕ್ಕೆ ಹಾರುತ್ತದೆ. ಆದ್ದರಿಂದ ಡಿಕ್ಕಿಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪಿಥಿಯಾ ಪ್ರೋಗ್ರಾಂ ಅದನ್ನು pT⁴/(pT²+pT0²)² ಎಂಬ ಅಂಶದಿಂದ ತಗ್ಗಿಸುತ್ತದೆ. pT0 ಸುಮಾರು 2 ಜಿಇವಿ, ಡಿಕ್ಕಿಯ ಶಕ್ತಿಯೊಂದಿಗೆ ನಿಧಾನವಾಗಿ ಏರುತ್ತದೆ. ಅದನ್ನು ಹೊಂದಿಸಿರುವುದು ಒಂದು ನಿರ್ದಿಷ್ಟ ಪಿಡಿಎಫ್ ಸೆಟ್‌ನೊಂದಿಗೆ (ಪ್ರೋಟಾನಿನ ಸಂವೇಗ ಪಾರ್ಟಾನ್‌ಗಳಲ್ಲಿ ಹೇಗೆ ಹಂಚಿದೆ ಎಂಬುದರ ಕೋಷ್ಟಕ). ಸೆಟ್ ಮಾತ್ರ ಬದಲಿಸಿ pT0 ಹಾಗೇ ಬಿಟ್ಟರೆ ಕಣಗಳ ಎಣಿಕೆ ಕೆಡುತ್ತದೆ. ಇನ್ನೊಂದು ಎಚ್ಚರ: 2 ಜಿಇವಿ ಜೆಟ್‌ಗಳು ಕಿರಣದ ದಿಕ್ಕಿಗೆ ಹತ್ತಿರ ಹಾರಿದರೆ ಒಂದು ಪಾರ್ಟಾನಿನ ಪಾಲು ಲಕ್ಷಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಅಲ್ಲಿ ದತ್ತಾಂಶ ಬಲು ವಿರಳ, ಇರುವುದು ಊಹೆಯ ಗೆರೆ. ಕೆಲವು ಎನ್‌ಎಲ್‌ಒ (ಮೊದಲ ಅಂದಾಜಿಗಿಂತ ಒಂದು ಹಂತ ನಿಖರವಾದ ಲೆಕ್ಕದ) ಸೆಟ್‌ಗಳಲ್ಲಿ ಗ್ಲುವಾನ್ ಹಂಚಿಕೆ ಋಣಾತ್ಮಕವೂ ಆಗುತ್ತದೆ.

ಪ್ರಶ್ನೆ: ಎರಡು ಪಿಡಿಎಫ್ ಸೆಟ್‌ಗಳ ಅನಿಶ್ಚಿತತೆ ಹೋಲಿಸಿದೆ, ಒಂದರದ್ದು ವಿಪರೀತ ದೊಡ್ಡದು. ಏಕೆ?

ಉತ್ತರ: ಮೊದಲು ಎಲ್‌ಎಚ್‌ಎಪಿಡಿಎಫ್‌ನ (ಪಿಡಿಎಫ್ ಸೆಟ್‌ಗಳನ್ನು ಒದಗಿಸುವ ಸಾಫ್ಟ್‌ವೇರ್) ಇನ್ಫೋ ಫೈಲ್ ತೆರೆದು 'ಎರರ್‌ಟೈಪ್' ಸಾಲು ನೋಡಿ. ರೆಪ್ಲಿಕಾ ಎಂದಿದ್ದರೆ ಸೆಟ್‌ನ ಪ್ರತಿ ಸದಸ್ಯ ಪಿಡಿಎಫ್‌ನಿಂದ ಬರುವ ಉತ್ತರಗಳ ಮಾನಕ ವಿಚಲನೆ ತೆಗೆಯಿರಿ. ಸಿಮೆಟ್ರಿಕ್ ಅಲ್ಲದ ಹೆಸ್ಸಿಯನ್ ಎಂದಿದ್ದರೆ ಸದಸ್ಯರ ಪ್ರತಿ ಪ್ಲಸ್-ಮೈನಸ್ ಜೋಡಿಯ ಉತ್ತರಗಳ ವ್ಯತ್ಯಾಸದ ಅರ್ಧವನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಸಿಟಿ18 ಎಂಬ ಪಿಡಿಎಫ್ ಸೆಟ್‌ನ ಅನಿಶ್ಚಿತತೆ ಶೇ. 90 ವಿಶ್ವಾಸ ಮಟ್ಟದ್ದು, ಶೇ. 68ರ ಸೆಟ್‌ನೊಂದಿಗೆ ಹೋಲಿಸುವ ಮುನ್ನ ಅದನ್ನು 1.645ರಿಂದ ಭಾಗಿಸಬೇಕು.