ಹಳೆಯ ವಿದ್ಯಾರ್ಥಿಗಳ ಸಂಘ: ಶಾಲು ಹೊದಿಸಿದ ಮೇಲೆ?

ಪ್ರಶ್ನೆ: ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವಿದೆ. ಆದರೆ ವರ್ಷಕ್ಕೊಮ್ಮೆ ನಡೆಯುವ ಸನ್ಮಾನ, ಊಟ ಮುಗಿದ ಮೇಲೆ ಅವರಾರೂ ನಮಗೆ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲಸದ ಬಗ್ಗೆ ವಿಚಾರಿಸಿದರೆ ಒಬ್ಬರೂ ಉತ್ತರಿಸಲಿಲ್ಲ. ಒಡನಾಟ ಬೆಳೆಸುವುದು ಹೇಗೆ?
– ಹೆಸರು ಬೇಡವೆಂದ ಓದುಗರು

ಉತ್ತರ: ಇನ್ನೂರು ಜನರಿರುವ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ; ಆದ್ದರಿಂದ ಆ ಮೌನವನ್ನು ಅನಾದರವೆಂದು ಭಾವಿಸಬೇಡಿ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಐದನೆಯ ಮಾನದಂಡದಲ್ಲಿ ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘದ ಕೊಡುಗೆಯನ್ನೂ ಕೇಳುತ್ತಿದ್ದುದರಿಂದ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಹೆಸರು ದಾಖಲಿಸಿ ಅಷ್ಟಕ್ಕೇ ಸುಮ್ಮನಾದ ಸಂಘಗಳು ಕಡಿಮೆಯಿಲ್ಲ. ಅವುಗಳನ್ನು ಸರಿಪಡಿಸುವ ಕೆಲಸ ನಿಮ್ಮದಲ್ಲ.

ಹಾರ ಹಾಕಿಸಿಕೊಂಡ ದೊಡ್ಡವರನ್ನು ಸದ್ಯಕ್ಕೆ ಬಿಟ್ಟು, ಎರಡು ಮೂರು ವರ್ಷಗಳ ಹಿಂದಿನ ಬ್ಯಾಚಿನವರಿಂದ ಆರಂಭಿಸಿ. ಬೆಂಗಳೂರು ಅಥವಾ ಹೈದರಾಬಾದಿನ ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿರುವ ನಿಮ್ಮ ಸೀನಿಯರ್‌ಗೆ 'ಕೆಲಸ ಕೊಡಿಸಿ' ಎಂದು ಬರೆದರೆ ಆಕೆಗೆ ಮುಜುಗರವಾಗುತ್ತದೆ, ಏಕೆಂದರೆ ಅದು ಆಕೆಯ ಕೈಯಲ್ಲಿಲ್ಲ. ಬದಲಿಗೆ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಬಗ್ಗೆ, 'ಅದರ ಬೇಸ್‌ಲೈನ್ (ನಕ್ಷೆಯ ಮೂಲರೇಖೆ) ಓಲಾಡತೊಡಗಿದರೆ ಮೊದಲು ಏನನ್ನು ನೋಡುತ್ತೀರಿ, ಸಂದರ್ಶನದಲ್ಲಿ ಇಂಥದ್ದನ್ನು ಕೇಳುತ್ತಾರೆಯೇ?' ಎಂದು ಕೇಳಿ ನೋಡಿ. ಯಂತ್ರದಲ್ಲಿ ಹರಿಯುವ ದ್ರವದಲ್ಲಿ ಕರಗಿದ ಗಾಳಿಯಿಂದ ಹಿಡಿದು ಪಂಪಿನವರೆಗೆ ಆಕೆ ಬಸ್ಸಿನಲ್ಲಿ ಕುಳಿತೇ ಹೇಳಿಯಾರು. ತನಗೆ ಗೊತ್ತಿರುವುದನ್ನು ಕೇಳಿದವರನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ.

ವಿಭಾಗದ ಕಚೇರಿಯ ಪ್ರವೇಶ ದಾಖಲೆಯಲ್ಲಿ ಎಲ್ಲರ ಫೋನ್ ಸಂಖ್ಯೆಗಳಿರುತ್ತವೆ ನಿಜ, ಆದರೆ ಅವುಗಳನ್ನು ನೇರವಾಗಿ ಬರೆದುಕೊಳ್ಳಬೇಡಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಅದಿರಲಿ, ಅಪರಿಚಿತರ ಕರೆ ಯಾರಿಗೂ ಹಿತವಲ್ಲ. ವಿಭಾಗದ ಮುಖ್ಯಸ್ಥರೇ ಮೊದಲು ಪತ್ರ ಬರೆದು, ಒಪ್ಪಿದವರ ಸಂಖ್ಯೆಯನ್ನು ಮಾತ್ರ ನಿಮಗೆ ಕೊಡಲಿ. ಉತ್ತರ ಬಂದ ಮೇಲೆ ಸಂದರ್ಶನ ಏನಾಯಿತೆಂದು ಎರಡು ಸಾಲು ತಪ್ಪದೆ ಬರೆಯಿರಿ. ಹೆಚ್ಚಿನ ಸಂಪರ್ಕಗಳು ಕಡಿದುಹೋಗುವುದು ಇಲ್ಲಿಯೇ.

ಇನ್ನೊಂದು ಮಾತು: ಕೊನೆಯ ಪರೀಕ್ಷೆಗೆ ಮುನ್ನವೇ ನಿಮ್ಮ ಸಹಪಾಠಿಗಳ ಸ್ವಂತ ಇ-ಮೇಲ್ ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆಸಿ, ಮೊದಲನೆಯ ವರ್ಷದವರಿಗೆ ಒಪ್ಪಿಸಿ.